ಗೊಬ್ಬರ ಚೀಲದ ದೆವ್ವ

ನಮ್ಮ ಭಾವನಿಗೆ ಕಥೆ ಓದಿ ಹೇಳಬಾರದು. ಅದರಲ್ಲೂ ದೆವ್ವದ ಕಥೆ ಓದಲೇಬಾರದು. ಹೋದ ವಾರ ಓದಿದೆ. ಸಿಟ್ಟು ಇನ್ನೂ ಇಳಿದಿಲ್ಲ.

ಬೆಂಗಳೂರಿನ ಗೆಳೆಯನೊಬ್ಬ ಹಾರರ್ ಕಥೆಗಳ ಸಂಕಲನ ತರುತ್ತಿದ್ದಾನೆ. ಒಟ್ಟು 13 ಕಥೆ. ಎಲ್ಲವೂ ಬಾಯಿಂದ ಬಾಯಿಗೆ ಹರಡಿದ ದೆವ್ವದ ಸುದ್ದಿಗಳ ಮೇಲೇ ಇರಬೇಕಂತೆ, ಅರ್ಬನ್ ಲೆಜೆಂಡ್ ಅಂತಾರಲ್ಲ, ಅದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿತ್ತು, ನೆನಪಿದೆ ಅಲ್ವಾ? ಮನೆಯವರದೇ ದನಿಯಲ್ಲಿ ಕರೆಯುವ ದೆವ್ವ ಬರುತ್ತದೆ, ಓದುತ್ತದೆ, ವಾಪಸ್ ಹೋಗುತ್ತದೆ. ಮರುದಿನ ಮತ್ತೆ ಬಂದು ಮತ್ತೆ ಅದನ್ನೇ ಓದುತ್ತದೆ. ಒಂದು ಸಹಿಗಾಗಿ ಕಚೇರಿಗೆ ಅಲೆದವರಿಗೆ ಆ ದೆವ್ವದ ಮೇಲೆ ಕನಿಕರ ಬರಬೇಕು. ಆ ಕಥೆ ಆಗಲೇ ಬೇರೆಯವರ ಪಾಲಾಗಿತ್ತು. "ನೀನು ನಿಮ್ಮ ಘಟ್ಟದ್ದು ಏನಾದರೂ ಬರಿ" ಅಂದ.

ಘಟ್ಟದ್ದು ಅಂದರೆ ಇನ್ನೇನು, ಬಿಳಿ ಸೀರೆಯ ಹೆಂಗಸು. ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಾಟಿಯಲ್ಲಿ ಲಾರಿಗೆ ಕೈ ಮಾಡುತ್ತಾಳೆ, ಹತ್ತುತ್ತಾಳೆ, ಕುಮಟಾ ಬರುವಷ್ಟರಲ್ಲಿ ಸೀಟು ಖಾಲಿ. ಇವಳು ನಮ್ಮೂರವಳೇ ಎಂದುಕೊಂಡಿದ್ದೆ. ಹುಡುಕಿದರೆ, ಅಮೆರಿಕದ ಬಿಯರ್ಡ್‌ಸ್ಲಿ, ಹ್ಯಾಂಕಿ ಎಂಬಿಬ್ಬರು 1942ರಲ್ಲೇ ಇವಳ 79 ಕಥೆಗಳನ್ನು ಕಲೆಹಾಕಿ ಪ್ರಕಟಿಸಿಬಿಟ್ಟಿದ್ದಾರೆ. 1981ರಲ್ಲಿ ಬ್ರನ್‌ವಂಡ್ ಎಂಬ ಪ್ರೊಫೆಸರರು ಇಂಥ ಕಥೆಗಳ ಮೇಲೆ ಪುಸ್ತಕವನ್ನೇ ಬರೆದರು. ಇಂಥ ಕಥೆಗೆ ಒಂದು ಗುರುತಿದೆಯಂತೆ. ಅದು ಹೇಳುವವನಿಗೆ ಆಗಿರುವುದಿಲ್ಲ, ಗೆಳೆಯನ ಗೆಳೆಯನಿಗೆ ಆಗಿರುತ್ತದೆ. ನಮ್ಮ ಕಡೆ ಅಷ್ಟು ಹತ್ತಿರದವರಿಗೂ ಆಗುವುದಿಲ್ಲ. ಅತ್ತಿಗೆಯ ತಮ್ಮನ ಷಡ್ಡಕನಿಗೆ ಆಗಿರುತ್ತದೆ.

ಬರೆದು ಮುಗಿಸೋಣವೆಂದು ಎರಡು ದಿನ ರಜೆ ಹಾಕಿ ಕಾರವಾರದಿಂದ ಶಿರಸಿ ಕಡೆಯ ಅಕ್ಕನ ಮನೆಗೆ ಹೋದೆ. ಹೊಯ್ಯುವ ಮಳೆ. ಕರೆಂಟು ಹೋಗಿ ಎರಡನೇ ದಿನ. ತೋಟದಲ್ಲಿ ಅಡಿಕೆ ಮರದ ಹಾಳೆ ಬಿದ್ದರೆ ಯಾರೋ ಬೆನ್ನಿಗೆ ಗುದ್ದಿದಂತೆ ದಡ್ ಎನ್ನುತ್ತದೆ. ದೆವ್ವದ ಕಥೆ ಓದಲು ಇದಕ್ಕಿಂತ ಒಳ್ಳೆ ಜಾಗ ಬೇಕಾ? ಭಾವ ಕವಳ ಹಾಕಿಕೊಂಡು "ಹ್ಞೂಂ, ಓದು ತಮಾ" ಅಂದ.

"ದೇವಿಮನೆ ಘಾಟಿಯ ಆ ಕಡಿದಾದ ತಿರುವಿನಲ್ಲಿ..."

"ಯಾವ ತಿರುವು?"

"ಒಂದು ತಿರುವು, ಭಾವ."

"ದೇವಸ್ಥಾನದಿಂದ ಮೇಲಾ, ಕೆಳಗಾ?"

"ಕೆಳಗೆ ಅಂತಿಟ್ಟುಕೋ."

"ರಸ್ತೆ ಅಗಲ ಮಾಡಿದ ಮೇಲೆ ಆ ತಿರುವೇ ಇಲ್ಲ. ನಿನ್ನ ಹೆಂಗಸು ಎಲ್ಲಿ ನಿಲ್ತಾಳೆ?"

ತಿರುವು ತೆಗೆದೆ. ಬೆಳದಿಂಗಳು ಎಂದು ಓದಿದೆ. ಆಷಾಢದಲ್ಲಿ ಎಲ್ಲಿಯ ಬೆಳದಿಂಗಳು ಅಂದ. ಅದನ್ನೂ ತೆಗೆದೆ. ಲಾರಿಯಲ್ಲಿ ಅಡಿಕೆ ಲೋಡು ಇತ್ತು ಎಂದೆ. ಚಾಲಿಯಾ, ಕೆಂಪಡಿಕೆಯಾ ಎಂದು ಕೇಳಿದ. ಅಲ್ಲಿಂದ ಮಾತು ಅಡಿಕೆ ರೇಟಿಗೆ ಹೋಯಿತು. ಬಿಳಿ ಸೀರೆಯವಳು ಮಳೆಯಲ್ಲಿ ನೆನೆಯುತ್ತಾ ಇಪ್ಪತ್ತು ನಿಮಿಷ ಹಾಗೇ ನಿಂತಿದ್ದಳು, ಪಾಪ.

ಅಂತೂ ಅವಳನ್ನು ಲಾರಿ ಹತ್ತಿಸಿದೆ. "ಅವಳ ಕಾಲಿನಿಂದ ಸಣ್ಣಗೆ ಗೆಜ್ಜೆ ಸದ್ದು..."

"ಲಾರಿ ಇಂಜಿನ್ ಸದ್ದಲ್ಲಿ ಗೆಜ್ಜೆ ಕೇಳ್ತಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೆಜ್ಜೆ ತೆಗೆಯಲು ಮನಸ್ಸೂ ಬರಲಿಲ್ಲ. ಕೊನೆಗೆ ಡ್ರೈವರ್ ನಿಧಾನಕ್ಕೆ ಪಕ್ಕದ ಸೀಟಿನ ಕಡೆ ಕುತ್ತಿಗೆ ತಿರುಗಿಸಿದ. ನನಗೇ ಮೈ ಜುಂ ಎಂದಿತು. ಭಾವ ಎದ್ದ. "ಇರು, ಮೈಲುತುತ್ತ ನೆನೆ ಹಾಕಿದ್ದಾರಾ ನೋಡ್ಕಂಡು ಬರ್ತೆ." ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಕಾಲ, ತಪ್ಪು ಹೇಳುವ ಹಾಗಿಲ್ಲ. ಹದಿನೈದು ನಿಮಿಷದ ಮೇಲೆ ಬಂದು ಕೇಳಿದ, "ಅಂತೂ ಎಲ್ಲಿ ಇಳಿದಳು?"

"ಮಾಯವಾದಳು."

"ಬಾಡಿಗೆ ಕೊಡದೇ?"

ಕಥೆ ಕಳಿಸಲು ಅದೇ ಕೊನೆಯ ರಾತ್ರಿ. ಅಕ್ಕನ ಮನೆಯಲ್ಲಿ ರೇಂಜ್ ಸಿಗುವುದಿಲ್ಲ. ಸಿಗುವುದು ಗದ್ದೆ ದಾಟಿ, ಹುಲ್ಲು ಬೆಳೆಯುವ ಬೇಣದ ಮೇಲಿನ ಬಂಡೆ ಹತ್ತಿದರೆ. ಅದೂ ಆಕಾಶದ ಮೂಡ್ ನೋಡಿಕೊಂಡು. ಹತ್ತು ಗಂಟೆಗೆ ಭಾವನ ಗಂಬೂಟು ಹಾಕಿ, ಬಿಳಿ ಗೊಬ್ಬರ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಸಿಕ್ಕಿಸಿಕೊಂಡು ಹೊರಟೆ.

ಚಿಕ್ಕವರಿದ್ದಾಗ ಯಕ್ಷಗಾನದ ಆಟ ನೋಡಿ ಇದೇ ಗದ್ದೆ ಬದುವಿನ ಮೇಲೆ ಬರುತ್ತಿದ್ದೆವು. ಮುಂದೆ ಉರಿಯುವ ಸೂಡಿ ಹಿಡಿದ ಅಜ್ಜ, ಹಿಂದೆ ನಿದ್ದೆಗಣ್ಣಿನ ನಾವು. ದೂರದ ಬೆಟ್ಟದಲ್ಲಿ ಬೆಂಕಿಯೊಂದು ತೇಲಿದ ಹಾಗೆ ಕಂಡರೆ ಅಜ್ಜಿ "ಕೊಳ್ಳಿ ದೆವ್ವ, ನೋಡಬೇಡಿ" ಎನ್ನುತ್ತಿದ್ದಳು. ಅದು ಆಚೆ ಊರಿಗೆ ಮರಳುವವರ ಸೂಡಿ ಎಂದು ತಿಳಿಯಲು ನಾನು ಹೈಸ್ಕೂಲಿಗೆ ಬರಬೇಕಾಯಿತು. ಆ ಕಡೆಯ ಅಜ್ಜಿಯೂ ನಮ್ಮನ್ನು ತೋರಿಸಿ ಅದನ್ನೇ ಹೇಳಿರುತ್ತಾಳೆ. ಈಗ ಬೆಟ್ಟದ ಕಡೆ ಒಂದು ಬೆಳಕೂ ಇರಲಿಲ್ಲ. ಅಲ್ಲಿಯ ಮನೆಗಳಲ್ಲಿ ಇರುವುದೇ ಇಬ್ಬಿಬ್ಬರು ಮುದುಕರು. ಅವರೂ ಎಂಟಕ್ಕೇ ಮಲಗುತ್ತಾರೆ.

ಬಂಡೆ ಹತ್ತಿ ಮೊಬೈಲನ್ನು ಎಡಕ್ಕೆ, ಬಲಕ್ಕೆ, ತಲೆ ಮೇಲೆ ಹಿಡಿದೆ. ಒಂದು ಕಡ್ಡಿ ಬಂತು, ಹೋಯಿತು. ಗಂಬೂಟಿನೊಳಗೆ ಏನೋ ತಣ್ಣಗೆ ಹರಿದಾಡಿತು. ಉಂಬಳ! ಅದೇ, ರಕ್ತ ಹೀರುವ ಜಿಗಣೆ. ಒಂದೇ ಕಾಲಲ್ಲಿ ಕುಣಿದೆ. ಫೈಲು 98 ಪರ್ಸೆಂಟಿಗೆ ಹೋಗಿ ನಿಂತಿತು. ಆಗ ನನ್ನ ಬಾಯಿಂದ ಬಂದ ಸದ್ದನ್ನು ಕನ್ನಡದಲ್ಲಿ ಬರೆಯಲು ಅಕ್ಷರ ಇಲ್ಲ. ಐದನೇ ಸಲಕ್ಕೆ ಕಥೆ ಹೋಯಿತು. ನಾನೂ ಮನೆಗೆ ಹೋಗಿ ಮಲಗಿದೆ.

ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಭಾವನ ಮುಖ ಬಿಳಿಚಿತ್ತು. "ಬೇಣದ ಬಂಡೆ ಮೇಲೆ ಕಂಡಿದೆಯಂತೆ." ಕಂಡಿದ್ದು ಮೇಲಿನ ಮನೆ ಮಾಣಿಯ ದೋಸ್ತನ ಅಣ್ಣನಿಗೆ, ಬೈಕಲ್ಲಿ ಬರುವಾಗ. ಬಿಳೀ ಆಕೃತಿ. ಕೈಯಲ್ಲಿ ನೀಲಿ ಬೆಂಕಿ. ಒಂದೇ ಕಾಲಲ್ಲಿ ಕುಣಿದು, ಊಳಿಟ್ಟು, ಮಾಯವಾಯಿತಂತೆ.

"ಒಂದೇ ಕಾಲಲ್ಲಾ?" ಅಂದೆ.

"ಕೆಳಗೆ ಕಾಲೇ ಇರಲಿಲ್ಲವಂತೆ."

ಕಾಲಿಲ್ಲದ್ದು ಒಂದೇ ಕಾಲಲ್ಲಿ ಕುಣಿಯುವುದು ಹೇಗೆ? ಗೆಜ್ಜೆಗೆ ಲೆಕ್ಕ ಕೇಳಿದ ಮನುಷ್ಯ ಇದನ್ನು ಕೇಳಲೇ ಇಲ್ಲ. ಎಷ್ಟು ಗಂಟೆಗೆ, ಬೈಕು ಎಲ್ಲಿತ್ತು, ಅಷ್ಟು ಮಳೆಯಲ್ಲಿ ಬೆಂಕಿ ಹೇಗೆ ಉರಿಯಿತು, ಒಂದೂ ಇಲ್ಲ. ನನ್ನ ಹೆಂಗಸನ್ನು ಮಳೆಯಲ್ಲಿ ನಿಲ್ಲಿಸಿ ಜಾಗದ ದಾಖಲೆ ಕೇಳಿದವನು ಇದನ್ನು ಇಡೀ ನುಂಗಿದ್ದ. ಮಧ್ಯಾಹ್ನದ ಹೊತ್ತಿಗೆ ಬೆಂಕಿ ಎರಡಾಗಿತ್ತು. ಸಂಜೆಗೆ ಜಡೆ ಬಂದಿತ್ತು.

ತಡೆಯಲಾರದೆ ಹೇಳಿಬಿಟ್ಟೆ. "ಭಾವ, ಅದು ನಾನು. ಗೊಬ್ಬರ ಚೀಲ, ಗಂಬೂಟು, ಮೊಬೈಲು."

ಭಾವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ನೀನಲ್ಲ ತಮಾ. ಅದು ಒಂಬತ್ತು ಅಡಿ ಇತ್ತು." ನನ್ನ ಹೆದರಿಕೆ ಕಳೆಯಲಿ ಎಂದು ಬೆನ್ನು ತಟ್ಟಿದ. ಅಕ್ಕ ಅವತ್ತೇ ದೇವರಿಗೆ ಒಂದು ಕಾಯಿ ತೆಗೆದಿಟ್ಟಳು. ನನ್ನ ಹೆಸರಲ್ಲಿ.

ಮರುದಿನ ಬಸ್ಸು ದೇವಿಮನೆ ಇಳಿಯುವಾಗ ಕಿಟಕಿಯಿಂದ ನೋಡಿದೆ. ಗುಡ್ಡ ಕಡಿದ ಕೆಂಪು ಮಣ್ಣು, ಅಗಲದ ರಸ್ತೆ. ಭಾವ ಹೇಳಿದ್ದು ನಿಜ, ಅವಳಿಗೆ ನಿಲ್ಲಲು ಜಾಗ ಇರಲಿಲ್ಲ. ಕುಮಟಾ ಬರುತ್ತಿದ್ದಂತೆ ಮೊಬೈಲಿಗೆ ಜೀವ ಬಂತು. ಗೆಳೆಯನ ಮೆಸೇಜು: "ಕಥೆ ಓದಿದೆ. ಲಾರಿ ಸದ್ದಲ್ಲಿ ಗೆಜ್ಜೆ ಹೇಗೆ ಕೇಳಿತು? ಸುಮ್ನೆ ಕಟ್ಟಿದ ಹಾಗಿದೆ ಮಾರಾಯ. ನಿಮ್ಮ ಕಡೆ ನಿಜವಾಗಿ ಯಾರಾದರೂ ಕಂಡಿದ್ದು ಇಲ್ವಾ?"