ದೋಣಿ ತೇಲಿತು, ಕಮಿಟಿ ಮುಳುಗಿತು

ದೋಣಿ ವಿನ್ಯಾಸ ಸ್ಪರ್ಧೆ ಅಂದ ಕೂಡಲೇ ಜನರ ಕಣ್ಣಮುಂದೆ ಬರುವುದು ನೀಲಿ ನೀರು, ಬಿಳಿ ಹಾಯಿ, ದಡದಲ್ಲಿ ಚಪ್ಪಾಳೆ. ಸ್ಪರ್ಧೆ ನಡೆಸುವವರಿಗೆ ಕಾಣುವುದು ಬೇರೆ. ಒಂದು ಮೇಜು, ಸುತ್ತ ಐದಾರು ಕುರ್ಚಿ, ನಡುವೆ "ದೋಣಿ ಅಂದರೆ ಏನು?" ಎಂಬ ಪ್ರಶ್ನೆ. ನಮ್ಮ ಕಮಿಟಿ ಇದರ ಮೇಲೆ ಒಂದಿಡೀ ಸಂಜೆ ಕಳೆದಿದೆ. "ನೀರಿನ ಮೇಲೆ ತೇಲುವ, ಮನುಷ್ಯರನ್ನು ಹೊರುವ ಸಾಧನ" ಅಂತ ಕಾರ್ಯದರ್ಶಿಗಳು ಬರೆದರು. "ಹಾಗಾದರೆ ಗಾಳಿ ತುಂಬಿದ ಲಾರಿ ಟ್ಯೂಬೂ ದೋಣಿಯೇ" ಅಂದರು ಖಜಾಂಚಿ. "ಒಳಗೆ ಕೂರಲು ಜಾಗ ಇರಬೇಕು" ಅಂತ ಕಾರ್ಯದರ್ಶಿಗಳು ಸೇರಿಸಿದರು. "ಟ್ಯೂಬಿನ ಒಳಗೂ ಜಾಗ ಇದೆಯಲ್ಲ, ನಡುವೆ" ಅಂದರು ಖಜಾಂಚಿ. ಪುಣ್ಯಕ್ಕೆ ಅವರಿಗೆ ಫೋನ್ ಬಂತು. ಅವರು ಎದ್ದು ಹೊರಗೆ ಹೋದ ಐದು ನಿಮಿಷದಲ್ಲಿ ಕಲಂ 1 ಪಾಸಾಯಿತು.

ನಿಯಮ ಬರೆಯುವವರ ಪಾಡು ಇದೇ. ನಾವು ಬರೆಯುವುದು ಒಂದು ಸಲ, ಸ್ಪರ್ಧಿಗಳು ಓದುವುದು ನೂರು ಸಲ. ಅದೂ ಪಾಲಿಸುವುದಕ್ಕಲ್ಲ, ಎಲ್ಲಿ ನುಸುಳಬಹುದು ಅಂತ ನೋಡುವುದಕ್ಕೆ.

"ದೋಣಿಯ ಉದ್ದ 4 ಮೀಟರ್ ಮೀರಬಾರದು" ಎಂಬ ಸರಳ ವಾಕ್ಯವನ್ನೇ ನೋಡಿ. ಇದರಲ್ಲಿ ಜಗಳ ಮಾಡುವಂಥದ್ದು ಏನಿದೆ ಅನಿಸುತ್ತದೆ. ತುಂಬಾ ಇದೆ. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಲಗಾಮು. ನೀರಿಗೆ ತಾಗುವ ಭಾಗ ಎಷ್ಟು ಮೀಟರ್ ಉದ್ದವಿದೆಯೋ ಅದರ ವರ್ಗಮೂಲವನ್ನು 2.43ರಿಂದ ಗುಣಿಸಿದರೆ, ಹೆಚ್ಚುಕಮ್ಮಿ ಅಷ್ಟು ನಾಟ್ ವೇಗ. 4 ಮೀಟರ್ ದೋಣಿಗೆ 5 ನಾಟ್‌ಗಿಂತ ಸ್ವಲ್ಪ ಕಡಿಮೆ, ಅಂದರೆ ಗಂಟೆಗೆ 9 ಕಿಲೋಮೀಟರ್. ಅದರಾಚೆಗೆ ದೋಣಿ ತಾನೇ ಎಬ್ಬಿಸಿದ ಅಲೆಗಳ ನಡುವಿನ ಗುಂಡಿಯಲ್ಲಿ ಸಿಕ್ಕಿಬೀಳುತ್ತದೆ. ಎಷ್ಟು ಹುಟ್ಟು ಹಾಕಿದರೂ ಮೈ ಬೆವರುತ್ತದೆ, ದೋಣಿ ಕೇಳುವುದಿಲ್ಲ. ಹಾಗಾಗಿ ಒಂದೊಂದು ಸೆಂಟಿಮೀಟರಿಗೂ ಬೆಲೆ.

ವೃತ್ತಿಪರರು ಇದನ್ನು ಓದಿ ಮೂತಿಯನ್ನು ನೆಟ್ಟಗೆ, ಗೋಡೆಯ ಹಾಗೆ ನಿಲ್ಲಿಸಿದರು. 4 ಮೀಟರ್ ದೋಣಿಯಲ್ಲಿ ಪೂರ್ತಿ 4 ಮೀಟರೂ ನೀರಿನಲ್ಲೇ. ಹವ್ಯಾಸಿಗಳು ಚಿತ್ರಗಳಲ್ಲಿ ನೋಡಿದ ಹಾಗೆ ಮೂತಿಯನ್ನು ಚಂದವಾಗಿ ಮೇಲಕ್ಕೆ ಬಾಗಿಸಿದರು. ನೋಡುವುದಕ್ಕೆ ಸೊಗಸು, ಆದರೆ ಅರ್ಧ ಮೀಟರ್ ಗಾಳಿಯಲ್ಲಿ. ಇನ್ನೊಬ್ಬ ಮಹಾಶಯರು ಮೂತಿಗೆ ಬಾಗಿಲಿನ ಕೀಲು ಹಾಕಿಕೊಂಡು ಬಂದರು. ಅಳತೆಯ ದಿನ ಮಡಚಿದರೆ 4 ಮೀಟರ್, ನೀರಿಗೆ ಇಳಿದ ಮೇಲೆ ಬಿಚ್ಚಿದರೆ ನಾಲ್ಕೂವರೆ.

"ಇದೇನ್ ಸಾರ್?" ಅಂದೆ.

"ನಿಯಮದಲ್ಲಿ ದೋಣಿಯ ಉದ್ದ ಅಂತ ಇದೆ. ಯಾವಾಗಿನ ಉದ್ದ ಅಂತ ಎಲ್ಲಿದೆ ತೋರಿಸಿ."

ತೋರಿಸಲು ಏನೂ ಇರಲಿಲ್ಲ. ಕಲಂ 4ಕ್ಕೆ ಉಪಕಲಂ (ಅ) ಹುಟ್ಟಿದ್ದು ಹೀಗೆ.

ಆದರೆ ಇದೆಲ್ಲ ಕಲಂ 2ರ ಮುಂದೆ ಮಕ್ಕಳಾಟ. ಕಲಂ 2 ಅಂದರೆ ಯಾರು ಹವ್ಯಾಸಿ, ಯಾರು ವೃತ್ತಿಪರ. ಎರಡು ವಿಭಾಗ ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ರಜೆಯಲ್ಲಿ ಗ್ಯಾರೇಜಿನಲ್ಲಿ ಪ್ಲೈವುಡ್ ಕೊಯ್ಯುವವರನ್ನು, ದಿನವಿಡೀ ಕಂಪ್ಯೂಟರಿನಲ್ಲಿ ಹಡಗಿನ ಗೆರೆ ಎಳೆಯುವವರ ಎದುರು ನಿಲ್ಲಿಸಬಾರದು ಅಲ್ವಾ? "ದೋಣಿ ವಿನ್ಯಾಸದಿಂದ ಹಣ ಗಳಿಸಿದವರು ವೃತ್ತಿಪರರು" ಅಂತ ಬರೆದು ನಿಟ್ಟುಸಿರು ಬಿಟ್ಟೆವು. ಮರುದಿನದಿಂದ ಫೋನ್ ಶುರು.

ಒಬ್ಬರು ತೈಲ ಸಾಗಿಸುವ ದೈತ್ಯ ಹಡಗುಗಳ ವಿನ್ಯಾಸಕರು. "ನಾನು ದೋಣಿ ಮಾಡಿಯೇ ಇಲ್ಲ, ಹಡಗು ಮಾತ್ರ. ಹಾಗಾಗಿ ಹವ್ಯಾಸಿ" ಅಂದರು. ಇನ್ನೊಬ್ಬರು ನಿವೃತ್ತರು. "ಈಗ ಗಳಿಸುತ್ತಿಲ್ಲವಲ್ಲ" ಅಂದರು. ಮತ್ತೊಬ್ಬರು ತಾವೇ ಮಾಡಿದ ದೋಣಿಯನ್ನು ಪಕ್ಕದ ಮನೆಯವರಿಗೆ ಮಾರಿದ್ದರು. "ಮರದ ಖರ್ಚೂ ಹುಟ್ಟಲಿಲ್ಲ. ಶುದ್ಧ ನಷ್ಟ. ನಷ್ಟ ಮಾಡಿಕೊಂಡವನು ವೃತ್ತಿಪರ ಹೇಗಾಗುತ್ತಾನೆ?" ಇದಕ್ಕೆ ವೃತ್ತಿಪರ ವಿಭಾಗದ ಒಬ್ಬರು ಬಹಳ ನೋವಿನಿಂದ ಉತ್ತರ ಕೊಟ್ಟರು: "ನಷ್ಟವೇ ಲೆಕ್ಕವಾದರೆ ನಾವೆಲ್ಲ ಹವ್ಯಾಸಿಗಳೇ."

ದೋಣಿಗಳ ಚರಿತ್ರೆಯೂ ನಮ್ಮ ನೆರವಿಗೆ ಬರುವುದಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಒಬ್ಬರೇ ನಡೆಸುವ ಹಾಯಿದೋಣಿ ಬೇಕು ಅಂತ 1949ರಲ್ಲಿ ಫಿನ್‌ಲೆಂಡಿನವರು ವಿನ್ಯಾಸ ಸ್ಪರ್ಧೆ ಇಟ್ಟರು. ಕೊನೆಗೆ ಆಯ್ಕೆಯಾದದ್ದು ಸ್ವೀಡನ್ನಿನ ರಿಕಾರ್ಡ್ ಸಾರ್ಬಿಯವರ 'ಫಿನ್'. ಸಾರ್ಬಿ ಕಸುಬಿನಲ್ಲಿ ಕ್ಷೌರಿಕರು. ಅವರನ್ನು ಗೆಲ್ಲಿಸಿದ್ದು ಕಾಗದದ ಮೇಲಿನ ಗೆರೆಗಳಲ್ಲ, ನೀರಿನ ಮೇಲೆ ನಡೆದ ಪರೀಕ್ಷೆ. ಆ ದೋಣಿ 2020ರ ಟೋಕಿಯೋ ಕೂಟದವರೆಗೂ ಒಲಿಂಪಿಕ್ಸ್‌ನಲ್ಲಿತ್ತು. ಇನ್ನು ಬ್ರೂಸ್ ಕರ್ಬಿ. 1969ರಲ್ಲಿ ಫೋನಿನಲ್ಲಿ ಮಾತಾಡುತ್ತಲೇ ಕಾಗದದ ಮೇಲೆ ಒಂದು ಚಿಕ್ಕ ದೋಣಿ ಗೀಚಿದರು. ಅದೇ ಮುಂದೆ 'ಲೇಸರ್' ಎಂಬ ಹಾಯಿದೋಣಿಯಾಗಿ ಎರಡು ಲಕ್ಷಕ್ಕಿಂತ ಜಾಸ್ತಿ ತಯಾರಾಯಿತು. ಕರ್ಬಿ ದೋಣಿಗಳನ್ನು ವಿನ್ಯಾಸ ಮಾಡಿದ್ದರು ನಿಜ, ಆದರೆ ಆಗ ಅವರ ಕೆಲಸ ಪತ್ರಿಕೆಯ ಸಂಪಾದಕತ್ವ. ಇವರನ್ನು ಯಾವ ವಿಭಾಗಕ್ಕೆ ಹಾಕೋಣ? ನಮ್ಮ ಕಮಿಟಿಗೆ ಅರ್ಜಿ ಹಾಕಿದ್ದರೆ ಇಬ್ಬರೂ ಇನ್ನೂ ಪರಿಶೀಲನೆಯಲ್ಲೇ ಇರುತ್ತಿದ್ದರು.

ಹವ್ಯಾಸಿ ವಿಭಾಗಕ್ಕೆ ಹತ್ತು ವರ್ಷದ ಹುಡುಗಿಯೊಬ್ಬಳ ಹೆಸರಿನಲ್ಲಿ ಒಂದು ನಕ್ಷೆ ಬಂತು. ಗೆರೆಗಳು ಅಚ್ಚುಕಟ್ಟು. ಅಂಚಿನಲ್ಲಿ ಮೂರು ದಶಾಂಶದವರೆಗೆ ಲೆಕ್ಕ. ಅಪ್ಪ ಹಡಗುಕಟ್ಟೆಯಲ್ಲಿ ಎಂಜಿನಿಯರ್ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಕಾರ್ಯದರ್ಶಿಗಳು ಮುಗುಳ್ನಕ್ಕು, ಅವಳನ್ನು ಕರೆದು, "ಪುಟ್ಟಾ, ದೋಣಿ ಯಾಕೆ ಮಗುಚುವುದಿಲ್ಲ ಹೇಳು ನೋಡೋಣ" ಅಂದರು.

"ಅಂಕಲ್, ದೋಣಿ ವಾಲಿದಾಗ ನೀರಿನೊಳಗಿನ ಭಾಗದ ಆಕಾರ ಬದಲಾಗುತ್ತೆ. ಆಗ ನೀರು ಎತ್ತುವ ಜಾಗ ವಾಲಿದ ಕಡೆಗೆ ಸರಿಯುತ್ತೆ. ಅದು ದೋಣಿಯನ್ನ ವಾಪಸ್ ನೆಟ್ಟಗೆ ಮಾಡುತ್ತೆ. ಆದ್ರೆ ಭಾರ ತುಂಬಾ ಮೇಲಿದ್ರೆ ಆಗಲ್ಲ, ಮಗುಚುತ್ತೆ. ಮೆಟಾಸೆಂಟರ್ ಗೊತ್ತಾ ನಿಮ್ಗೆ?"

ಕಾರ್ಯದರ್ಶಿಗಳು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಕಿಟಕಿ ನೋಡಿದರು. "ಅಪ್ಪ ಏನು ಮಾಡಿದರು?" ಅಂತ ಯಾರೋ ಮೆಲ್ಲಗೆ ಕೇಳಿದರು. "ಪೆನ್ಸಿಲ್ ಚೂಪು ಮಾಡಿ ಕೊಟ್ರು" ಅಂದಳು. ಅರ್ಜಿ ಅಲ್ಲೇ ಅಂಗೀಕಾರವಾಯಿತು.

ಎರಡನೇ ಸುತ್ತಿಗೆ ಎಲ್ಲರೂ 1:10 ಅಳತೆಯ ಮಾದರಿ ತರಬೇಕಿತ್ತು. ಒಂದು ದೊಡ್ಡ ಪ್ಲಾಸ್ಟಿಕ್ ತೊಟ್ಟಿಗೆ ನೀರು ತುಂಬಿ, ಪ್ರತಿ ಮಾದರಿಗೂ ಒಬ್ಬ ಮನುಷ್ಯನ ತೂಕದ ಭಾರ ಹಾಕಿ ನೋಡುವುದು ಅಂತ ತೀರ್ಮಾನ. ಭಾರದ ಜವಾಬ್ದಾರಿ ಖಜಾಂಚಿಯವರದು. ಲೆಕ್ಕದವರು ತಾನೇ? ಮನುಷ್ಯನ ತೂಕ 70 ಕಿಲೋ, ಅದರ ಹತ್ತನೇ ಒಂದು 7 ಕಿಲೋ ಅಂತ ಒಂದು ಮರಳಿನ ಚೀಲ ತಂದರು.

ಮೊದಲ ಮಾದರಿ ಒಬ್ಬ ಹವ್ಯಾಸಿಯದ್ದು. 40 ಸೆಂಟಿಮೀಟರ್ ಉದ್ದ, ಬಲು ನಾಜೂಕು. ಬೆಂಕಿಕಡ್ಡಿಯಷ್ಟು ತೆಳ್ಳಗಿನ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ, ಮರಳುಕಾಗದ ಹಾಕಿ ತಿಕ್ಕಿ, ಮೂರು ಕೋಟ್ ವಾರ್ನಿಷ್ ಕೊಟ್ಟಿದ್ದರು. ಒಳಗೆ ಕೂರುವ ಹಲಗೆಗಳಿಗೆ ಸಾಸಿವೆಯಷ್ಟು ಚಿಕ್ಕ ಮೊಳೆಗಳೂ ಇದ್ದವು. ಖಜಾಂಚಿಯವರು ಚೀಲ ಇಟ್ಟರು. ಗುಳುಂ ಅಂತ ಸದ್ದಾಯಿತು. ತೊಟ್ಟಿಯ ತಳದಲ್ಲಿ ಮರಳಿನ ಚೀಲ ಕಾಣುತ್ತಿತ್ತು, ಅದರ ಕೆಳಗೆ ದೋಣಿ ಇದ್ದಿರಬೇಕು. ಖಜಾಂಚಿಯವರು ಪಟ್ಟಿಯಲ್ಲಿ "ಭಾರ ತಡೆಯಲಿಲ್ಲ" ಅಂತ ಬರೆದುಕೊಂಡರು.

ಆ ಹವ್ಯಾಸಿ ಕಿರುಚಲಿಲ್ಲ. ಬಹಳ ಸಮಾಧಾನದಿಂದ ಹೇಳಿದರು: "ಸಾರ್, ಉದ್ದ, ಅಗಲ, ಎತ್ತರ ಮೂರೂ ಹತ್ತನೇ ಒಂದಾದರೆ ಗಾತ್ರ ಸಾವಿರದಲ್ಲಿ ಒಂದಾಗುತ್ತದೆ. 70 ಕಿಲೋಗೆ ಬದಲು 70 ಗ್ರಾಂ ಹಾಕಬೇಕಿತ್ತು. ನೀವು ನನ್ನ ದೋಣಿಗೆ ಏಳು ಟನ್ ಹೇರಿದ್ದೀರಿ." ಏಳು ಟನ್! ಆನೆ ಹತ್ತಿದ್ದರೂ ಅಷ್ಟಾಗುತ್ತಿರಲಿಲ್ಲವೇನೋ. ಪಟ್ಟಿಯನ್ನು ತಿದ್ದಿ, ಮಾದರಿಯನ್ನು ಒಣಗಿಸಲು ಬಿಸಿಲಿಗಿಟ್ಟು, ಜೇಬಿನಲ್ಲಿದ್ದ ಚಿಲ್ಲರೆ ನಾಣ್ಯಗಳನ್ನು ತೂಗಿ 70 ಗ್ರಾಂ ಮಾಡಿಕೊಂಡೆವು.

ವೃತ್ತಿಪರರ ಗತ್ತು ಬೇರೆ. 1983ರಲ್ಲಿ 'ಆಸ್ಟ್ರೇಲಿಯಾ 2' ದೋಣಿ ತನ್ನ ರೆಕ್ಕೆಯಿರುವ ಕೀಲ್ ಅನ್ನು, ಅಂದರೆ ತಳದಿಂದ ನೀರಿಗೆ ಇಳಿಯುವ ಭಾರದ ಭಾಗವನ್ನು, ಬಟ್ಟೆಯ ಪರದೆಯಲ್ಲಿ ಮುಚ್ಚಿಟ್ಟು, ಅಮೆರಿಕದವರು 132 ವರ್ಷ ಬಿಡದೆ ಹಿಡಿದಿದ್ದ 'ಅಮೆರಿಕಾಸ್ ಕಪ್' ಎಂಬ ಹಾಯಿದೋಣಿ ಪಂದ್ಯದ ಕಪ್ಪನ್ನು ಕಿತ್ತುಕೊಂಡ ಕಥೆ ಎಲ್ಲ ವಿನ್ಯಾಸಕಾರರಿಗೂ ಬಾಯಿಪಾಠ. ನಮ್ಮಲ್ಲೂ ಒಬ್ಬರು ದೋಣಿಯ ತಳಕ್ಕೆ ನೀಲಿ ಟಾರ್ಪಾಲ್ ಸುತ್ತಿಕೊಂಡೇ ಬಂದರು. ಹತ್ತಿರ ಹೋದರೆ "ದೂರ, ದೂರ" ಅನ್ನುತ್ತಿದ್ದರು. ಉಳಿದ ಸ್ಪರ್ಧಿಗಳಿಗೆ ನಿದ್ದೆಯಿಲ್ಲ. ಒಬ್ಬರಂತೂ ಬೂಟಿನ ದಾರ ಕಟ್ಟುವ ನೆಪದಲ್ಲಿ ನೆಲಕ್ಕೆ ಕೆನ್ನೆ ಹಚ್ಚಿ ನೋಡಿದರು. ಅವರು ಹಾಕಿಕೊಂಡಿದ್ದದ್ದು ಚಪ್ಪಲಿ. ಕೊನೆಗೆ ಅಳತೆಗಾಗಿ ಟಾರ್ಪಾಲ್ ತೆಗೆಯಲೇಬೇಕಾಯಿತು. ಅಡಿಯಲ್ಲಿ ರೆಕ್ಕೆಯೂ ಇರಲಿಲ್ಲ, ರಹಸ್ಯವೂ ಇರಲಿಲ್ಲ. ಬಣ್ಣ ಒಣಗಿರಲಿಲ್ಲ, ಅಷ್ಟೇ.

ನೀರಿನ ಮೇಲಿನ ಪರೀಕ್ಷೆಯ ದಿನ ಎಲ್ಲಕ್ಕಿಂತ ಕಷ್ಟವಾದದ್ದು ಸ್ಥಿರತೆ ನೋಡುವುದು. ಸ್ವೀಡನ್ನಿನ 'ವಾಸಾ' ಯುದ್ಧನೌಕೆಯ ಮೇಲೆ ಮೂವತ್ತು ಜನರನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓಡಿಸಿ ಪರೀಕ್ಷೆ ಮಾಡಿದ್ದರಂತೆ. ಮೂರು ಸಲ ಓಡುವುದರೊಳಗೆ ಹಡಗು ಎಷ್ಟು ವಾಲಿತೆಂದರೆ, ಮಗುಚೀತು ಅಂತ ಹೆದರಿ ನಿಲ್ಲಿಸಿದರು. ನಿಲ್ಲಿಸಿದ್ದು ಪರೀಕ್ಷೆಯನ್ನು, ಹಡಗನ್ನಲ್ಲ. 1628ರಲ್ಲಿ ಅದು ಮೊದಲ ಪಯಣದಲ್ಲೇ ಒಂದೂವರೆ ಕಿಲೋಮೀಟರ್ ಕೂಡ ದಾಟದೆ ಮುಳುಗಿತು. ಆ ಹಡಗು ಕಟ್ಟಿದವರ ಅಳತೆಗೋಲುಗಳು ಆಮೇಲೆ ಸಿಕ್ಕವು. ಕೆಲವು 12 ಇಂಚಿನ ಸ್ವೀಡಿಷ್ ಅಡಿ, ಕೆಲವು 11 ಇಂಚಿನ ಆಮ್ಸ್ಟರ್‌ಡ್ಯಾಮ್ ಅಡಿ. ಇದನ್ನು ಓದಿದಾಗಿನಿಂದ ನಮ್ಮ ಕಮಿಟಿಯ ಮೇಲೆ ನನಗೆ ಸ್ವಲ್ಪ ಗೌರವ ಮೂಡಿದೆ. ನಮ್ಮಲ್ಲಿ ಟೇಪ್ ಒಂದೇ ಇದೆ.

ನಮ್ಮ ಪರೀಕ್ಷೆಗೆ ಮೂವತ್ತು ಜನ ಎಲ್ಲಿಂದ ತರುವುದು? ದೋಣಿಯ ಅಂಚಿನಲ್ಲಿ ಒಬ್ಬರು ನಿಂತರೆ ಸಾಕು ಅಂತಾಯಿತು. ಯಾರು? ಎಲ್ಲರ ಕಣ್ಣೂ ಅಧ್ಯಕ್ಷರ ಮೇಲೆ ಬಿತ್ತು. ಅವರು ಗಾತ್ರದಲ್ಲೂ ಅಧ್ಯಕ್ಷರೇ. ಪಾಪ, ಲೈಫ್ ಜಾಕೆಟ್ ತೊಟ್ಟು ಒಂದೊಂದೇ ದೋಣಿ ಹತ್ತಿದರು. ಒಂದೂ ಮಗುಚಲಿಲ್ಲ. ಎಲ್ಲ ಮುಗಿದ ಮೇಲೆ ದಡಕ್ಕೆ ಬರಲು ನಮ್ಮದೇ ರಕ್ಷಣಾ ದೋಣಿಗೆ ಕಾಲಿಟ್ಟರು ನೋಡಿ, ಅದು ಮಗುಚಿತು. ಅವರನ್ನು ಎತ್ತಿ ತಂದದ್ದು ಆ ಹತ್ತು ವರ್ಷದ ಹುಡುಗಿಯ ದೋಣಿಯಲ್ಲಿ. ತೀರ್ಪುಗಾರರು ಆಗ ಏನನ್ನೋ ಬರೆದುಕೊಂಡದ್ದನ್ನು ನಾನು ನೋಡಿದೆ.

ತೀರ್ಪುಗಾರರು ಮೂವರು. ಒಬ್ಬರಿಗೆ ವೇಗ ಮುಖ್ಯ, ಒಬ್ಬರಿಗೆ ಚೆಲುವು, ಮೂರನೆಯವರಿಗೆ "ಇದನ್ನು ಕಾರಿನ ಮೇಲೆ ಕಟ್ಟಬಹುದಾ?" ಎಂಬ ಒಂದೇ ಪ್ರಶ್ನೆ. ವೃತ್ತಿಪರ ವಿಭಾಗದಲ್ಲಿ ಮೂವರೂ ಬೇರೆ ಬೇರೆ ದೋಣಿಗೆ ಮೊದಲ ಸ್ಥಾನ ಕೊಟ್ಟರು. ಆಗ ಕಾರ್ಯದರ್ಶಿಗಳಿಗೆ 'ಫೋಕ್‌ಬೋಟ್' ನೆನಪಾಯಿತು. 1940ರ ದಶಕದ ಆರಂಭದಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ ನಡೆದ ಸ್ಪರ್ಧೆಯಲ್ಲಿ ಯಾರಿಗೂ ಪೂರ್ತಿ ಗೆಲುವು ಸಿಗದೆ, ಒಳ್ಳೆಯ ನಕ್ಷೆಗಳ ಗುಣಗಳನ್ನೆಲ್ಲ ಸೇರಿಸಿ ಟೋರ್ಡ್ ಸುಂಡೆನ್ ಅವರಿಂದ ಒಂದೇ ದೋಣಿ ಬಿಡಿಸಿದರು. ಅದು ಇಂದಿಗೂ ಓಡುತ್ತಿದೆ. "ನಾವೂ ಮೂರನ್ನೂ ಸೇರಿಸಿ ಒಂದು ಮಾಡೋಣ" ಅಂದರು. ಅಲ್ಲಿಯವರೆಗೆ ಪರಸ್ಪರ ಮುಖ ನೋಡದಿದ್ದ ಮೂವರು ವೃತ್ತಿಪರರು ಮೊದಲ ಬಾರಿಗೆ ಒಂದಾದರು. ಬೇಡವೇ ಬೇಡ ಅಂದರು. ಬಹುಮಾನ ಹಂಚಿಕೊಳ್ಳಲು ಒಪ್ಪಿದರು.

ಹವ್ಯಾಸಿ ವಿಭಾಗದಲ್ಲಿ ಹುಡುಗಿ ಗೆದ್ದಳು. ಯಾರೂ ತಕರಾರು ತೆಗೆಯಲಿಲ್ಲ, ಅಧ್ಯಕ್ಷರಂತೂ ತೆಗೆಯಲೇ ಇಲ್ಲ. ತೊಂದರೆ ಬಂದದ್ದು ಕಪ್ಪಿನಿಂದ. ಅದು ವರ್ಷದಿಂದ ವರ್ಷಕ್ಕೆ ಕೈ ಬದಲಾಗುವ ಭಾರೀ ಹಿತ್ತಾಳೆಯ ಕಪ್. ಹಿಂದಿನ ವರ್ಷ ಗೆದ್ದವರು ತಂದುಕೊಡಬೇಕಿತ್ತು. ಕೇಳಿದರೆ "ತಂದಿದ್ದೇನೆ" ಅನ್ನುತ್ತಾರೆ, ಕೈಯಲ್ಲಿ ಮಾತ್ರ ಇಲ್ಲ. ಕೊನೆಗೆ ತಮ್ಮ ದೋಣಿಯ ನಡುವಿನ ಹಲಗೆ ಎತ್ತಿ ತೋರಿಸಿದರು. ತಳದಲ್ಲಿ, ಎಪಾಕ್ಸಿ ಅಂಟು ಹಾಕಿ ಕೂರಿಸಿದ್ದರು. ದೋಣಿ ವಾಲದಿರಲು ತಳದಲ್ಲಿ ಭಾರ ಬೇಕಿತ್ತಂತೆ, ಇದು ಸರಿಯಾಗಿ ಹೊಂದಿತಂತೆ. "ಯಾವ ವಸ್ತುವಿನ ಭಾರ ಅಂತ ನಿಯಮದಲ್ಲಿ ಇಲ್ಲವಲ್ಲ" ಅಂದರು.

ಉಳಿಯಿಂದ ಕೆತ್ತಿ ತೆಗೆಯುವಷ್ಟರಲ್ಲಿ ಕತ್ತಲಾಯಿತು. ಮುಂದಿನ ವರ್ಷದ ನಿಯಮಾವಳಿಗೆ ಅಂದೇ ಒಂದು ಕಲಂ ಸೇರಿಸಿದೆವು: "ಮೊದಲ ಬಹುಮಾನವನ್ನು ದೋಣಿಯ ಭಾಗವಾಗಿ ಬಳಸುವಂತಿಲ್ಲ." ಮರುದಿನ ಬೆಳಿಗ್ಗೆಯೇ ಫೋನ್ ಬಂತು.

"ಸಾರ್, ಎರಡನೇ ಬಹುಮಾನ ಬಳಸಬಹುದಾ?"