ಆಡು ಮುಟ್ಟದ ಬಂಕಿಲ್ಲ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಕಟ್ಟಿದವರು 1967ರ ಪಾಂಟಿಯಾಕ್ ಜಿಟಿಒ ಕಾರನ್ನು ಕಂಡಿರಲಿಲ್ಲ. ಕಂಡಿದ್ದರೆ ಸೊಪ್ಪಿನ ಜೊತೆಗೆ ಪೆಟ್ರೋಲ್ ಬಂಕನ್ನೂ ಸೇರಿಸುತ್ತಿದ್ದರು. ಅಮೆರಿಕದವರು ಈ ಕಾರನ್ನು ಪ್ರೀತಿಯಿಂದ ‘ಗೋಟ್’, ಅಂದರೆ ಆಡು, ಎಂದೇ ಕರೆಯುತ್ತಾರೆ. 2006ರ ಸೆಪ್ಟೆಂಬರಿನಲ್ಲಿ, ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಹೊರವಲಯದ ನಮ್ಮ ಮನೆಗೆ ಅಂಥದೊಂದು ಆಡನ್ನು ಮೂವತ್ತೆರಡು ಸಾವಿರ ಡಾಲರ್ ಕೊಟ್ಟು ಹೊಡೆದುಕೊಂಡು ಬಂದವನು ನಾನು. “ನಿಜವಾದ ಆಡಾಗಿದ್ದರೆ ಹಾಲಾದರೂ ಕೊಡುತ್ತಿತ್ತಲ್ಲಾ ರೀ” ಎಂದು ನನ್ನ ಹೆಂಡತಿ ಅಂದೇ ಹೇಳಿದ್ದಳು. ಆ ಮಾತಿನಲ್ಲಿ ‘ನಿಜವಾದ’ ಎಂಬ ಪದಕ್ಕೆ ಎಷ್ಟು ತೂಕವಿದೆಯೆಂದು ಅಂದು ಅವಳಿಗೂ ಗೊತ್ತಿರಲಿಲ್ಲ.

ಆ ಹಣಕ್ಕೆ ಬೇರೊಂದು ಗುರಿಯಿತ್ತೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಮೈಸೂರಿನ ವಿಜಯನಗರ ನಾಲ್ಕನೆಯ ಹಂತದಲ್ಲಿ ಮೂವತ್ತು ನಲವತ್ತರ ಒಂದು ಸೈಟಿದೆ, ಮೂಲೆ ಸೈಟು, ಪೂರ್ವಕ್ಕೆ ಮುಖ, ಹೆಚ್ಚುಕಡಿಮೆ ಅಷ್ಟೇ ಹಣಕ್ಕೆ ಸಿಗುತ್ತದೆ ಎಂದು ನನ್ನ ಭಾವಮೈದ ಮೂರು ತಿಂಗಳಿನಿಂದ ಫೋನ್ ಮಾಡುತ್ತಿದ್ದ. ನಾನಾದರೋ ಆ ಜನವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲಿನಲ್ಲಿ ನಡೆದ ಹಳೆಯ ಕಾರುಗಳ ಹರಾಜನ್ನು ಟಿವಿಯಲ್ಲಿ ನೋಡಿ ಕೆಟ್ಟುಹೋಗಿದ್ದೆ. ನಲವತ್ತು ವರ್ಷದ ಹಿಂದೆ ಹುಡುಗರು ಬೀದಿಯಲ್ಲಿ ಟೈರು ಸುಟ್ಟ ಕಾರುಗಳು ಅಲ್ಲಿ ಲಕ್ಷ ಡಾಲರುಗಳನ್ನು ದಾಟಿ ಹೋಗುತ್ತಿದ್ದವು. ಸೈಟು ಬಿದ್ದಲ್ಲೇ ಬಿದ್ದಿರುತ್ತದೆ, ಕಾರಾದರೆ ಓಡುತ್ತದೆ, ಬೆಲೆಯೂ ಏರುತ್ತದೆ ಎಂದು ನಾನು ವಾದಿಸಿದೆ. ಮುಂದೆ ನಡೆದದ್ದು ಇಷ್ಟೇ: ಬಿದ್ದಲ್ಲೇ ಬಿದ್ದಿರುವ ಕೆಲಸವನ್ನು ಕಾರು ವಹಿಸಿಕೊಂಡಿತು, ಏರುವ ಕೆಲಸವನ್ನು ಸೈಟು ವಹಿಸಿಕೊಂಡಿತು.

ನನ್ನ ವಾದಕ್ಕೆ ಇತಿಹಾಸದ ಬೆಂಬಲವಿರಲಿಲ್ಲವೆಂದಲ್ಲ. 1960ರ ದಶಕದ ಆರಂಭದಲ್ಲಿ ಜನರಲ್ ಮೋಟಾರ್ಸ್ ಕಂಪನಿಯು ತನ್ನ ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸಕೂಡದೆಂದು ಕಟ್ಟಳೆ ಮಾಡಿತ್ತು. ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು 1964ರ ಮಾದರಿಯಲ್ಲಿ, ದೊಡ್ಡ ಕಾರಿನ 389 ಘನ ಇಂಚಿನ ಎಂಜಿನ್ನನ್ನು ಟೆಂಪೆಸ್ಟ್ ಎಂಬ ಸಾಧು ಕಾರಿಗೆ ಹೊಂದಿಸಿ, ಅದನ್ನು ಬೇರೆ ಕಾರೆಂದು ಹೇಳದೆ, ಬೇಕಾದವರು ಮೇಲೆ ಹಣ ಕೊಟ್ಟು ಪಡೆಯುವ ‘ಜಿಟಿಒ’ ಎಂಬ ಹೆಚ್ಚುವರಿ ಸೌಲಭ್ಯವೆಂದು ಪಟ್ಟಿಯಲ್ಲಿ ಸೇರಿಸಿಬಿಟ್ಟರು. ಕಟ್ಟಳೆ ಇದ್ದದ್ದು ಕಾರಿನ ಮಾದರಿಗೆ, ಸೌಲಭ್ಯಕ್ಕಲ್ಲ. ಒಪ್ಪತ್ತಿನ ದಿನ ರಾತ್ರಿ ಫಲಾಹಾರವೆಂದು ಹೇಳಿ ಆರು ದೋಸೆ ತಿನ್ನುವ ನಮ್ಮವರಿಗೆ ಈ ಉಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೌಲಭ್ಯದ ಬೆಲೆ 300 ಡಾಲರಿನ ಒಳಗಿತ್ತು. ಮೊದಲ ವರ್ಷವೇ 32,000ಕ್ಕೂ ಹೆಚ್ಚು ಜನ ಕೊಂಡರು. ಆ ಎಂಜಿನ್ನಿನ ಗಾತ್ರ 6.4 ಲೀಟರ್. ನಮ್ಮ ಹಳೆಯ ಅಂಬಾಸಿಡರಿನದು ಒಂದೂವರೆ ಲೀಟರ್. ನಾಲ್ಕು ಅಂಬಾಸಿಡರುಗಳನ್ನು ಕೂಡಿಸಿದರೂ ಇದಕ್ಕೆ ಸಮವಾಗದು. ಉಳಿದ ಕಂಪನಿಗಳೂ ಇದೇ ದಾರಿ ಹಿಡಿದವು. ಸಾಮಾನ್ಯ ಮೈ, ಅಸಾಮಾನ್ಯ ಎಂಜಿನ್, ಬ್ರೇಕಿನ ವಿಷಯದಲ್ಲಿ ದೇವರ ಮೇಲೆ ಭಾರ: ಮಸಲ್ ಕಾರ್ ಎಂದರೆ ಸ್ಥೂಲವಾಗಿ ಇಷ್ಟೆ.

ಕಾರು ಬಂದ ಮೂರನೆಯ ದಿನವೇ ಆಯುಧ ಪೂಜೆ ಬಂತು. ಮೈಸೂರಿನಿಂದ ಬಂದಿದ್ದ ನನ್ನ ಅತ್ತೆಯವರು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, “ಈಗ ಮುಂದಕ್ಕೆ ಬಿಡಿ ಅಳಿಯಂದಿರೇ” ಎಂದರು. ನೋಡಲು ಬಂದಿದ್ದ ನಾಲ್ಕು ಕನ್ನಡ ಸಂಸಾರಗಳು ಮೊಬೈಲ್ ಹಿಡಿದು ನಿಂತಿದ್ದವು. ಅಕ್ಟೋಬರಿನ ಬೆಳಗಿನ ಚಳಿಗೆ ಕಾರ್ಬುರೇಟರ್ ಮರಗಟ್ಟಿತ್ತು. ಆತುರದಲ್ಲಿ ನಾನು ಆಕ್ಸಿಲರೇಟರನ್ನು ಏಳೆಂಟು ಸಲ ತುಳಿದೆ. ಪೆಟ್ರೋಲ್ ಓವರ್‌ಫ್ಲೋ ಆಗಿ, ಕೇರಿಗೆಲ್ಲ ವಾಸನೆ ಹರಡಿ, ಎಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತದೆ ಪೂಜೆ ಮುಗಿಯುವಂತಿಲ್ಲ. ಕೊನೆಗೆ ಪಂಚೆ ಉಟ್ಟಿದ್ದ ಐವರು ಸಾಫ್ಟ್‌ವೇರ್ ಎಂಜಿನಿಯರುಗಳು, ಸುಮಾರು 1,600 ಕಿಲೋ ತೂಕದ ಆ ಆಡನ್ನು ಹಿಂದಿನಿಂದ ತಳ್ಳಿದರು. ಇಳಿಜಾರಿನ ಡ್ರೈವ್‌ವೇಯಲ್ಲಿ ಒಮ್ಮೆ ಹೊರಟ ಮೇಲೆ ಅದು ನಿಂಬೆಹಣ್ಣಿಗೆ ಮಾತ್ರ ತೃಪ್ತವಾಗದೆ ಎದುರುಮನೆಯವರ ಅಂಚೆ ಪೆಟ್ಟಿಗೆಯನ್ನೂ ಬಲಿ ತೆಗೆದುಕೊಂಡಿತು. “ದೃಷ್ಟಿ ಹೋಯಿತು ಬಿಡಿ” ಎಂದರು ಅತ್ತೆ. ಬಂದವರಲ್ಲಿ ಹಿರಿಯರೊಬ್ಬರು ಕೈ ಒರೆಸಿಕೊಳ್ಳುತ್ತಾ ಕೇಳಿದ ಪ್ರಶ್ನೆ ಒಂದೇ: “ಲೀಟರಿಗೆ ಎಷ್ಟು ಕೊಡುತ್ತದೆ?” ಐದು ಕಿಲೋಮೀಟರ್ ಎಂದು ಹೇಳಲು ನಾಚಿಕೆಯಾಗಿ ಗ್ಯಾಲನ್, ಮೈಲಿ ಎಂದು ಲೆಕ್ಕ ತಪ್ಪಿಸಿದೆ.

ಹಳೆಯ ಕಾರು ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗು ಎಂದು ಕಚೇರಿಯ ಅಮೆರಿಕನ್ ಗೆಳೆಯನೊಬ್ಬ ಮೊದಲೇ ಹೇಳಿದ್ದ. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಹಿಮ ಕರಗಲೆಂದು ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೇ ದೊಡ್ಡ ಉಪ್ಪಿನ ಗಣಿಯಿದೆ. ಕಾರು ತಯಾರಿಸಿದ ಊರೇ ಕಾರನ್ನು ಉಪ್ಪಿನಕಾಯಿ ಹಾಕಿ ತಿನ್ನುತ್ತದೆ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದರೆ ಕಣ್ಣಿಗೆ ಕಾಣುವುದಿಲ್ಲ, ಅಯಸ್ಕಾಂತಕ್ಕೆ ಮಾತ್ರ ತಿಳಿಯುತ್ತದೆ. ಆ ಮಾತು ನೆನಪಾದದ್ದು ಆಯುಧ ಪೂಜೆಯ ಸಂಜೆ. ಮದುವೆಯಾದ ಮೇಲೆ ಜಾತಕ ನೋಡಿದ ಹಾಗೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮೈಸೂರು ಅರಮನೆಯ ಚಿತ್ರದ ಅಯಸ್ಕಾಂತವನ್ನು ಕಿತ್ತುಕೊಂಡು ಗ್ಯಾರೇಜಿಗೆ ಹೋದೆ. ಬಾನೆಟ್ಟಿಗೆ ಅರಮನೆ ಟಪ್ಪೆಂದು ಅಂಟಿತು. ಚಾವಣಿಗೂ ಅಂಟಿತು. ಬಾಗಿಲಿನ ಕೆಳಗೆ ಸ್ವಲ್ಪ ಅನುಮಾನಿಸಿತು. ಹಿಂದಿನ ಚಕ್ರದ ಮೇಲಿನ ಕೆಂಪು ಮೈಗೆ ಇಟ್ಟಾಗ, ದಸರೆಯ ಜಂಬೂಸವಾರಿಯಷ್ಟೇ ನಿಧಾನವಾಗಿ, ಗಾಂಭೀರ್ಯದಿಂದ ಜಾರಿ ನೆಲಕ್ಕೆ ಬಿತ್ತು. ಮೂರು ಸಲ ಇಟ್ಟೆ, ಮೂರು ಸಲವೂ ಬಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಏನೂ ಹೇಳದೆ ಅಯಸ್ಕಾಂತವನ್ನು ಎತ್ತಿಕೊಂಡು ಹೋಗಿ ಫ್ರಿಜ್ಜಿಗೆ ಅಂಟಿಸಿದಳು.

ಪುಟ್ಟಿಯಾದರೂ ಜಿಟಿಒ ಜಿಟಿಒನೇ ಎಂದು ಸಮಾಧಾನ ಮಾಡಿಕೊಂಡು ಒಂದು ಚಳಿಗಾಲ ಕಳೆದೆ. ಪ್ರತಿ ಆಗಸ್ಟಿನ ಮೂರನೆಯ ಶನಿವಾರ ಫರ್ನ್‌ಡೇಲಿನಿಂದ ಪಾಂಟಿಯಾಕ್ ಪಟ್ಟಣದವರೆಗೆ ವುಡ್‌ವರ್ಡ್ ರಸ್ತೆಯುದ್ದಕ್ಕೂ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ, 1995ರಲ್ಲಿ ಆರಂಭವಾದದ್ದು. 2007ರಲ್ಲಿ ನಾನೂ ಹೋಗಿ ರಸ್ತೆಬದಿಯಲ್ಲಿ ಬಾನೆಟ್ ತೆರೆದು ಕುರ್ಚಿ ಹಾಕಿಕೊಂಡು ಕೂತೆ. ಪಾಂಟಿಯಾಕ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮುದುಕರೊಬ್ಬರು ಬಂದು, ಎಂಜಿನ್ ನೋಡಿ, ನನ್ನ ಮುಖ ನೋಡಿ, ಮತ್ತೆ ಎಂಜಿನ್ ನೋಡಿದರು. ಚಾಸಿ ನಂಬರ್ ನೋಡಬಹುದೇ ಎಂದು ಬಹಳ ಸೌಜನ್ಯದಿಂದ ಕೇಳಿದರು. ಚಾಲಕನ ಬಾಗಿಲಿನ ಕೀಲಿನ ಕಂಬದ ಮೇಲೆ ಬೆರಳುದ್ದದ ತಗಡಿರುತ್ತದೆ. ಅದರ ಮೇಲಿನ ಬಣ್ಣವನ್ನು ಅವರು ಉಗುರಿನಿಂದ ಕೆರೆದರು. ಮೊದಲ ಮೂರು ಅಂಕಿ 237 ಎಂದು ಕಂಡಿತು. 1967ರ ಜಿಟಿಒ ಆಗಿದ್ದರೆ ಅದು 242 ಇರಬೇಕು. 237 ಎಂದರೆ ಲೆಮಾನ್ಸ್, ಅದೇ ಮೈಯ ಬಡ ಸೋದರ. ಯಾರೋ ಪುಣ್ಯಾತ್ಮರು ಲೆಮಾನ್ಸಿಗೆ ಜಿಟಿಒ ಬಾನೆಟ್ಟನ್ನೂ, ಹೆಸರಿನ ಅಕ್ಷರಗಳನ್ನೂ, ಮಡ್‌ಗಾರ್ಡಿಗೆ ‘6.5 ಲೀಟರ್’ ಎಂಬ ಬಿಲ್ಲೆಯನ್ನೂ ಜೋಡಿಸಿದ್ದರು. ಒಳಗಿದ್ದದ್ದು 326 ಘನ ಇಂಚಿನ, 5.3 ಲೀಟರಿನ ಎಂಜಿನ್. ಮುದುಕರು ನನ್ನ ಹೆಗಲು ತಟ್ಟಿ, ಬಣ್ಣ ಚೆನ್ನಾಗಿದೆ ಎಂದು ಹೇಳಿ ಹೊರಟರು. ಸಾವಿನ ಮನೆಯಲ್ಲಿ ಜನ ಅಷ್ಟೇ ಮೃದುವಾಗಿ ಮಾತನಾಡುತ್ತಾರೆ.

ಹಳೆಯ ಕಾರಿನ ಬೆಲೆ ಇರುವುದು ಕಬ್ಬಿಣದಲ್ಲಲ್ಲ, ಕಾಗದದಲ್ಲಿ ಎಂಬುದು ಅಂದು ನನಗೆ ತಿಳಿಯಿತು. ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ನೇ ಇರಬೇಕು, ಅದರ ಮೇಲಿನ ಅಂಕಿಗಳು ಚಾಸಿಗೆ ಹೊಂದಬೇಕು. ಕೂಡಾವಳಿ ನೋಡುವ ನಮ್ಮ ಪುರೋಹಿತರಿಗಿಂತ ಕಟ್ಟುನಿಟ್ಟು. ಡಾಡ್ಜ್, ಪ್ಲಿಮತ್ ಕಾರುಗಳಲ್ಲಿ, ಜೋಡಣೆಯ ಸಮಯದಲ್ಲಿ ಕೆಲಸಗಾರರು ಸೀಟಿನ ಸ್ಪ್ರಿಂಗುಗಳ ನಡುವೆ ಬಿಟ್ಟುಹೋದ, ಆ ಕಾರಿಗೆ ಏನೇನು ಜೋಡಿಸಬೇಕೆಂದು ಬರೆದ ಒಂದು ಹಾಳೆ ಸಿಕ್ಕರೆ ಅದೇ ನಿಧಿ. ನಾನೂ ಆಸೆಬುರುಕನಂತೆ ಹಿಂದಿನ ಸೀಟು ಕಿತ್ತು ನೋಡಿದೆ. ಇಲಿಯ ಗೂಡೊಂದು ಸಿಕ್ಕಿತು. ಅದು ಮಾತ್ರ ಅಸಲಿಯಾಗಿತ್ತು.

ಲೆಮಾನ್ಸೆಂದೇ ಹೇಳಿ ಮಾರೋಣವೆಂದು ಮನಸ್ಸು ಗಟ್ಟಿಮಾಡುವಷ್ಟರಲ್ಲಿ 2008 ಬಂತು. ಜೂನಿನಲ್ಲಿ ಪೆಟ್ರೋಲ್ ಗ್ಯಾಲನ್ನಿಗೆ ನಾಲ್ಕು ಡಾಲರ್ ದಾಟಿತು, ವರ್ಷದ ಕೊನೆಗೆ ಮಾರುಕಟ್ಟೆ ಕುಸಿಯಿತು, ಹರಾಜುಗಳಲ್ಲಿ ಕೂಗು ಇಳಿಯಿತು. 2009ರ ಏಪ್ರಿಲಿನಲ್ಲಿ ಪಾಂಟಿಯಾಕ್ ಹೆಸರನ್ನೇ ಮುಚ್ಚುವುದಾಗಿ ಜನರಲ್ ಮೋಟಾರ್ಸ್ ಪ್ರಕಟಿಸಿತು. “ಭಾವ, ಆ ಸೈಟು ಎರಡು ಪಟ್ಟಾಗಿದೆ” ಎಂದು ಭಾವಮೈದ ಫೋನ್ ಮಾಡಿದ್ದೂ ಅದೇ ತಿಂಗಳು. ಅವನಿಗೆ ಹೊತ್ತುಗೊತ್ತಿನ ಪರಿವೆ ಎಂದೂ ಇದ್ದದ್ದಿಲ್ಲ.

ಈ ಕಾರುಗಳಿಗೆ ಇಂಥ ಏಳುಬೀಳು ಹೊಸದಲ್ಲ. ವಿಮಾ ಕಂಪನಿಗಳು ಹುಡುಗರಿಗೆ ವಿಪರೀತ ಕಂತು ಹಾಕಿದ್ದು, ಹೊಗೆಯ ಕಾನೂನುಗಳು ಬಿಗಿಯಾದದ್ದು, 1973ರ ತೈಲ ಬಿಕ್ಕಟ್ಟು, ಎಲ್ಲ ಸೇರಿ ಅವುಗಳ ಮೊದಲ ಜನ್ಮವನ್ನು ಮುಗಿಸಿದ್ದವು. ಹೊಸದಾಗಿದ್ದಾಗಲೇ ಬೇಡವಾದವುಗಳೂ ಇದ್ದವು. 1970ರ ಪ್ಲಿಮತ್ ಸೂಪರ್‌ಬರ್ಡ್ ಎಂಬ ಕಾರಿಗೆ ರೇಸಿಗೆಂದು ಚೂಪು ಮೂತಿಯನ್ನೂ ಆಳೆತ್ತರ ಕಾಣುವ ರೆಕ್ಕೆಯನ್ನೂ ಇಟ್ಟಿದ್ದರು. ಎರಡು ಸಾವಿರಕ್ಕಿಂತ ಕಡಿಮೆ ತಯಾರಿಸಿದ್ದರೂ ಕೊಳ್ಳುವವರಿಲ್ಲದೆ, ಕೆಲವು ಮಾರಾಟಗಾರರು ಮೂತಿ ರೆಕ್ಕೆಗಳನ್ನು ಬಿಚ್ಚಿ ಸಾಮಾನ್ಯ ಕಾರಿನಂತೆ ಮಾಡಿ ದಾಟಿಸಿದರು. 2022ರ ಜನವರಿಯಲ್ಲಿ ಅಂಥದೊಂದು ಕಾರು, ಮೂತಿ ರೆಕ್ಕೆ ಸಹಿತ, ಹದಿನಾರೂವರೆ ಲಕ್ಷ ಡಾಲರಿಗೆ ಹೋಯಿತು. ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಸಿನಿಮಾವೊಂದರಲ್ಲಿ ಓಡಿಸಿದ 1968ರ ಹಸಿರು ಮಸ್ಟಾಂಗನ್ನು 1974ರಲ್ಲಿ ಒಂದು ಸಂಸಾರ 6,000 ಡಾಲರಿಗೆ ಕೊಂಡಿತ್ತು. ಮನೆಯೊಡತಿ ಅದರಲ್ಲೇ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದರು. ನನಗೆ ಮರಳಿ ಕೊಡಿ ಎಂದು ಸ್ವತಃ ಮೆಕ್ವೀನ್ 1977ರಲ್ಲಿ ಪತ್ರ ಬರೆದರೂ ಅವರು ಕೊಡಲಿಲ್ಲ. 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ 34 ಲಕ್ಷ ಡಾಲರಿಗೆ ಸುತ್ತಿಗೆ ಬಿತ್ತು. ಈ ಸುದ್ದಿಯನ್ನು ನಾನು ಮನೆಯಲ್ಲಿ ಉತ್ಸಾಹದಿಂದ ಓದಿ ಹೇಳಿದೆ. “ಅವರು ಕಾರು ಓಡಿಸಿದ ಮೇಲೆ ಮಾರಿದರು. ನೀವು ಓಡಿಸಿಯೂ ಇಲ್ಲ, ಮಾರಿಯೂ ಇಲ್ಲ” ಎಂದಳು ಹೆಂಡತಿ.

ಈ ಬೆಲೆಗಳ ಗುಟ್ಟು ನನಗೆ ಹೊಳೆದದ್ದು ತಡವಾಗಿ. ಹದಿನೆಂಟರಲ್ಲಿ ಕಿಟಕಿಯಾಚೆ ನೋಡಿ ಜೊಲ್ಲು ಸುರಿಸಿದ ಕಾರನ್ನು, ಐವತ್ತೈದರಲ್ಲಿ ಮಕ್ಕಳ ಓದು ಮುಗಿದು ಮನೆಯ ಸಾಲ ತೀರಿದ ಮೇಲೆ ಕೊಳ್ಳುವವರ ಸಾಲು ಉದ್ದವಾದಾಗ ಬೆಲೆ ಏರುತ್ತದೆ. 2006ರಲ್ಲಿ ಆ ಸಾಲು ತುಂಬಿ ತುಳುಕುತ್ತಿತ್ತು. ಹದಿನೆಂಟರಲ್ಲಿ ನಾನು ಜೊಲ್ಲು ಸುರಿಸಿದ್ದು ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ದಿ ಬೈಕಿಗೆ. ಪರರ ಹರೆಯವನ್ನು ತುತ್ತತುದಿಯ ಬೆಲೆಗೆ ಕೊಂಡು ತಂದಿದ್ದೆ. ಈಗ ಆ ಅಮೆರಿಕನ್ನರು ಎಪ್ಪತ್ತೈದು ದಾಟಿದ್ದಾರೆ, ಗ್ಯಾರೇಜುಗಳನ್ನು ಖಾಲಿ ಮಾಡುತ್ತಿದ್ದಾರೆ. ಅಪರೂಪದ ಕಾರುಗಳು ಮೇಲೇ ಉಳಿದಿವೆ, ನಡುವಿನವು ತೂಗಾಡುತ್ತಿವೆ. ನನ್ನ ಮಗನ ವಯಸ್ಸಿನವರು ತೊಂಬತ್ತರ ದಶಕದ ಜಪಾನಿ ಕಾರುಗಳಿಗೆ ದುಡ್ಡು ಸುರಿಯುತ್ತಾರೆ. ನಮ್ಮ ಹಳೆಯ ಟೊಯೋಟಾ ಕ್ಯಾಮ್ರಿಯನ್ನು ಇಟ್ಟುಕೊಳ್ಳಬೇಕಿತ್ತೇನೋ ಎಂದು ನನಗೂ ಒಮ್ಮೊಮ್ಮೆ ಅನಿಸುತ್ತದೆ. ಈ ಅನಿಸಿಕೆಯನ್ನು ಮನೆಯಲ್ಲಿ ಹೇಳಿಲ್ಲ.

ಮಿಷಿಗನ್ನಿನಲ್ಲಿ ಹಳೆಯ ಕಾರಿಗೆ ಐತಿಹಾಸಿಕ ವಾಹನದ ಅಗ್ಗದ ನಂಬರ್ ಪ್ಲೇಟ್ ಸಿಗುತ್ತದೆ. ಆದರೆ ಆ ಪ್ಲೇಟ್ ಇದ್ದರೆ ಮೆರವಣಿಗೆ, ಪ್ರದರ್ಶನಗಳಿಗಷ್ಟೇ ಹೊರಗೆ ತೆಗೆಯಬೇಕು. ಆಗಸ್ಟ್ ತಿಂಗಳಿಡೀ ಮಾತ್ರ ಎಲ್ಲಿಗೆ ಬೇಕಾದರೂ ಓಡಿಸಬಹುದು. ಆಷಾಢಕ್ಕೆ ತವರಿಗೆ ಹೊರಡುವ ಹೊಸ ಸೊಸೆಯಂತೆ ನಮ್ಮ ಆಡೂ ಆಗಸ್ಟಿಗೆ ಹೊರಬರುತ್ತದೆ. ಹೋದ ಆಗಸ್ಟಿನಲ್ಲಿ ವುಡ್‌ವರ್ಡ್ ರಸ್ತೆಯಲ್ಲಿ ಇಪ್ಪತ್ತೈದರ ಹುಡುಗನೊಬ್ಬ ಬಂದು, ಇದು ಅಸಲಿ ಜಿಟಿಒನಾ ಎಂದು ಕೇಳಿದ. ಅಲ್ಲ, ವೇಷ ಹಾಕಿದ ಲೆಮಾನ್ಸ್ ಎಂದು ಈಗ ನಾನು ಅಳುಕಿಲ್ಲದೆ ಹೇಳುತ್ತೇನೆ. ಹುಡುಗನ ಕಣ್ಣು ಅರಳಿತು. ಸಿಕ್ಕ ಲೆಮಾನ್ಸುಗಳಿಗೆಲ್ಲ ಜನ ಜಿಟಿಒ ವೇಷ ಹಾಕಿಬಿಟ್ಟಿದ್ದಾರೆ, ಲೆಮಾನ್ಸಾಗಿಯೇ ಉಳಿದ ಲೆಮಾನ್ಸ್ ನೋಡಲು ಸಿಗುವುದಿಲ್ಲ, ಆ ಸುಳ್ಳು ಅಕ್ಷರಗಳನ್ನು ತೆಗೆದುಬಿಡಿ, ನಾನೇ ಕೊಳ್ಳುತ್ತೇನೆ ಎಂದು ಫೋನ್ ನಂಬರ್ ಬರೆದುಕೊಟ್ಟ.

ಮರುದಿನ ಬೆಳಿಗ್ಗೆಯೇ ಸ್ಕ್ರೂಡ್ರೈವರ್ ಹಿಡಿದು ಕೂತೆ. ಹಿಂದಿನ ಚಕ್ರದ ಮೇಲಿನ ಜಿ ಸುಲಭವಾಗಿ ಬಂತು, ಟಿ ಸ್ವಲ್ಪ ಸತಾಯಿಸಿತು, ಒ ಬರುವಾಗ ಅಂಗೈಯಗಲದ ಕೆಂಪು ಪುಟ್ಟಿಯನ್ನೂ ಕಿತ್ತುಕೊಂಡು ಬಂತು. ಸಂಜೆ ಹುಡುಗ ನೋಡಲು ಬರುವವನಿದ್ದ. ಹೆಂಡತಿ ಕಾಫಿ ಲೋಟ ಹಿಡಿದು ಬಂದು, ಆ ರಂಧ್ರವನ್ನು ಬಗ್ಗಿ ನೋಡಿ, ಒಳಗೆ ಹೋಗಿ, ಫ್ರಿಜ್ಜಿನಿಂದ ಮೈಸೂರು ಅರಮನೆಯನ್ನು ತಂದು ಕೊಟ್ಟಳು.

“ಇದನ್ನು ಮುಚ್ಚಿ ನೋಡಿ” ಎಂದಳು.

ಇಟ್ಟೆ. ಜಾರಿತು.