ಹುಡುಕಾಟದ ಖರ್ಚು ಯಾರ ತಲೆಗೆ?

2023ರ ಜೂನ್ 18, ಭಾನುವಾರ. ಟೈಟಾನಿಕ್ ಹಡಗಿನ ಅವಶೇಷ ನೋಡಲು ಐದು ಜನರನ್ನು ಹೊತ್ತು ಅಟ್ಲಾಂಟಿಕ್‌ನಲ್ಲಿ ಇಳಿದ ಪುಟ್ಟ ಜಲಾಂತರ್ಗಾಮಿ ನೌಕೆ ‘ಟೈಟನ್’, ಒಂದೂಮುಕ್ಕಾಲು ಗಂಟೆಯ ನಂತರ ಸಂಪರ್ಕ ಕಡಿದುಕೊಂಡಿತು. ಅಮೆರಿಕ, ಕೆನಡಾ, ಫ್ರಾನ್ಸ್ ದೇಶಗಳ ವಿಮಾನ, ಹಡಗು, ರೋಬೋಗಳು ನಾಲ್ಕು ದಿನ ಹುಡುಕಿದವು. ಗುರುವಾರ ಸಿಕ್ಕಿದ್ದು ಬರೀ ಚೂರುಗಳು. ದುಡ್ಡು ಕೊಟ್ಟು ಅಪಾಯಕ್ಕೆ ಇಳಿದವರನ್ನು ಹುಡುಕುವ ಖರ್ಚನ್ನು ಅವರಿಂದ, ಅಥವಾ ಕರೆದುಕೊಂಡು ಹೋದ ಕಂಪನಿಯಿಂದ, ವಸೂಲಿ ಮಾಡಬೇಕಾ?

ಪರ: ಇಳಿಯುವ ಮೊದಲೇ ದುಡ್ಡು ಇಡಲಿ

ಮೊದಲು ಟಿಕೆಟ್ ನೋಡಿ. ತಲೆಗೆ ಎರಡೂವರೆ ಲಕ್ಷ ಡಾಲರ್. ಆಗಿನ ಲೆಕ್ಕಕ್ಕೆ ಎರಡು ಕೋಟಿ ರೂಪಾಯಿಗೂ ಜಾಸ್ತಿ. ಅಷ್ಟು ಕೊಟ್ಟರೂ ಒಳಗೆ ಕುರ್ಚಿ ಇಲ್ಲ, ನೆಲದ ಮೇಲೇ ಕೂರಬೇಕು. ಬಾಗಿಲಿಗೆ ಹೊರಗಿನಿಂದ 17 ಬೋಲ್ಟ್ ಬಿಗಿಯುತ್ತಿದ್ದರು. ನಡೆಸೋದಕ್ಕೆ ವಿಡಿಯೊ ಗೇಮ್ ಆಡುವ ಕಂಟ್ರೋಲರ್. ಸಹಿ ಹಾಕುವ ಕಾಗದದ ಮೊದಲ ಪುಟದಲ್ಲೇ ‘ಸಾವು’ ಅನ್ನುವ ಮಾತು ಮೂರು ಸಲ ಇತ್ತು ಎಂದು ಹಿಂದೆ ಹೋಗಿಬಂದವರೊಬ್ಬರು ಹೇಳಿದ್ದಾರೆ. ಇಷ್ಟೆಲ್ಲ ಆಗಿ, ಹತ್ತಿದವರನ್ನು ಪ್ರಯಾಣಿಕರು ಅಂತಲೂ ಕರೆಯುತ್ತಿರಲಿಲ್ಲ. ಅವರು ‘ಮಿಷನ್ ಸ್ಪೆಷಲಿಸ್ಟ್’ಗಳಂತೆ. ಹಾಗೆ ಕರೆದರೆ ಪ್ರಯಾಣಿಕ ನೌಕೆಯ ಕಾನೂನು ತಮ್ಮ ತಂಟೆಗೆ ಬರುವುದಿಲ್ಲ ಎಂಬ ಲೆಕ್ಕಾಚಾರ.

ಎಚ್ಚರಿಕೆ ಹೇಳುವವರು ಇರಲಿಲ್ಲವೇ? ಇದ್ದರು. ಕಾರ್ಬನ್ ಫೈಬರ್ ಕವಚದ ಪರೀಕ್ಷೆ ಸಾಲದು ಎಂದು 2018ರಲ್ಲಿ ಬರೆದುಕೊಟ್ಟ ಡೇವಿಡ್ ಲಾಕ್‌ರಿಡ್ಜ್, ಟೈಟನ್ ನಡೆಸುತ್ತಿದ್ದ ಓಷನ್‌ಗೇಟ್ ಕಂಪನಿಯದ್ದೇ ದೊಡ್ಡ ಹುದ್ದೆಯಲ್ಲಿದ್ದವರು. ಅವರ ಕೆಲಸ ಹೋಯಿತು. ಅದೇ ವರ್ಷ ಆಳಸಮುದ್ರ ನೌಕೆಗಳ ಕ್ಷೇತ್ರದ ಮೂವತ್ತಕ್ಕೂ ಹೆಚ್ಚು ಜನ ಕಂಪನಿಯ ಮುಖ್ಯಸ್ಥ ಸ್ಟಾಕ್ಟನ್ ರಶ್ ಅವರಿಗೆ ಪತ್ರ ಬರೆದರು. ಅದೂ ನಾಟಲಿಲ್ಲ.

ಆಮೇಲೆ ಹುಡುಕಿದ್ದು ಯಾರು? ಅಮೆರಿಕದ ಕೋಸ್ಟ್ ಗಾರ್ಡ್‌ನ ಸಿ-130 ವಿಮಾನಗಳು. ನೀರಿನೊಳಗಿನ ಸದ್ದು ಕೇಳುವ ತೇಲು ಸಾಧನಗಳನ್ನು ಎಸೆಯುತ್ತಾ ಹೋದ ಕೆನಡಾದ ವಿಮಾನ. ತನ್ನ ಸಂಶೋಧನೆ ಬಿಟ್ಟು ಓಡಿಬಂದ ಫ್ರಾನ್ಸಿನ ಅಟಲಾಂಟ್ ಹಡಗು. ಎಲ್ಲದಕ್ಕೂ ತೆರಿಗೆ ಕಟ್ಟುವವರ ದುಡ್ಡು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಅದಕ್ಕೆ ನಾಲ್ಕೇ ದಿನ ಮೊದಲು, ಜೂನ್ 14ರಂದು, ಗ್ರೀಸಿನ ಪೈಲೋಸ್ ಬಳಿ ಸುಮಾರು 750 ವಲಸಿಗರಿದ್ದ ಏಡ್ರಿಯಾನಾ ದೋಣಿ ಮುಳುಗಿತು. ಬದುಕಿದ್ದು 104 ಜನ. ಅಷ್ಟು ದೂರ ಯಾಕೆ? 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರ ಸಮೇತ ಕಾಣೆಯಾಯಿತು. ಹುಡುಕಾಟ ಚುರುಕಾಗಲಿ ಎಂದು ಮೀನುಗಾರರು ಹೆದ್ದಾರಿ ತಡೆದು ಕೂರಬೇಕಾಯಿತು. ಸುಮಾರು 60 ಮೀಟರ್ ಆಳದಲ್ಲಿದ್ದ ಬೋಟನ್ನು ನೌಕಾಪಡೆ ಪತ್ತೆ ಮಾಡಿದ್ದು ಮರುವರ್ಷದ ಮೇ ತಿಂಗಳಲ್ಲಿ. ಟೈಟನ್ ಬಿದ್ದಿದ್ದು 3,800 ಮೀಟರ್ ಆಳದಲ್ಲಿ, ಸಿಕ್ಕಿದ್ದು ನಾಲ್ಕು ದಿನದಲ್ಲಿ. ಎಲ್ಲಿ ಹುಡುಕಬೇಕೆಂದು ಅಲ್ಲಿ ಗೊತ್ತಿತ್ತು, ಒಪ್ಪುತ್ತೇನೆ. ಆದರೂ ಹೊಟ್ಟೆ ಉರಿಯುತ್ತದೆ.

ಸತ್ತವರ ಮನೆಗೆ ಬಿಲ್ ಕಳಿಸಿ ಅಂತ ಹೇಳುತ್ತಿಲ್ಲ. ಗಂಡನನ್ನೂ 19 ವರ್ಷದ ಮಗನನ್ನೂ ಒಟ್ಟಿಗೆ ಕಳೆದುಕೊಂಡ ತಾಯಿ ಇದ್ದಾರೆ. ಅವರ ಮುಂದೆ ರಸೀದಿ ಹಿಡಿಯುವವನು ಮನುಷ್ಯನೇ ಅಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಬಂದರು ಬಿಡುವ ಮೊದಲು ಕಂಪನಿ ಹುಡುಕಾಟದ ಖರ್ಚಿಗೆ ಠೇವಣಿ ಇಡಲಿ, ಇಲ್ಲವೇ ವಿಮೆ ತೋರಿಸಲಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಬೇಜವಾಬ್ದಾರಿಯಿಂದ ಬೆಟ್ಟದಲ್ಲಿ ಸಿಕ್ಕಿಕೊಂಡವರಿಂದ ಖರ್ಚು ವಸೂಲಿ ಮಾಡುವ ಕಾನೂನೇ ಇದೆ. ವಿಮೆಯಿಂದ ಇನ್ನೊಂದು ಲಾಭವೂ ಉಂಟು. ದುಡ್ಡಿನ ವಿಷಯಕ್ಕೆ ಬಂದರೆ ವಿಮೆಯವರು ಯಾರ ಭಾಷಣವನ್ನೂ ನಂಬುವುದಿಲ್ಲ. ನೌಕೆಗಳ ಸುರಕ್ಷತೆ ಪರೀಕ್ಷಿಸುವ ಯಾವ ವರ್ಗೀಕರಣ ಸಂಸ್ಥೆಯ ಪ್ರಮಾಣಪತ್ರವೂ ಇಲ್ಲದ ನೌಕೆಗೆ ಅವರು ಅಷ್ಟು ಸುಲಭಕ್ಕೆ ಸಹಿ ಹಾಕುತ್ತಿದ್ದರಾ?

ವಿರೋಧ: ಕರೆ ಮಾಡುವ ಕೈ ನಡುಗಬಾರದು

ಆ ದಿನ ಬೆಳಿಗ್ಗೆ ಸಂಪರ್ಕ ತಪ್ಪಿತು. ಕೋಸ್ಟ್ ಗಾರ್ಡ್‌ಗೆ ಸುದ್ದಿ ಹೋಗಿದ್ದು ಸಂಜೆ, ಸುಮಾರು ಎಂಟು ಗಂಟೆ ಕಳೆದ ಮೇಲೆ. ಬಿಲ್ಲಿನ ಭಯ ಇಲ್ಲದಾಗಲೇ ಇಷ್ಟು ತಡ. ಠೇವಣಿ ಹೋಗುತ್ತದೆ ಅಂತ ಗೊತ್ತಿದ್ದರೆ? ‘ಇನ್ನೊಂದು ಗಂಟೆ ನೋಡೋಣ, ಮೇಲೆ ಬಂದರೂ ಬರಬಹುದು’ ಅನ್ನುವವರೇ ಜಾಸ್ತಿ ಆಗುತ್ತಾರೆ. ಟೈಟನ್‌ನಲ್ಲಿ ಆ ಗಂಟೆಗಳಿಂದ ಏನೂ ಬದಲಾಗುತ್ತಿರಲಿಲ್ಲ, ನಿಜ. ನೌಕೆ ಆಗಲೇ ಒಳಕ್ಕೆ ಕುಸಿದು ಚೂರಾಗಿತ್ತು.

ಎಲ್ಲ ಸಲವೂ ಹಾಗೇ ಆಗುವುದಿಲ್ಲ. 1973ರಲ್ಲಿ ಐರ್ಲೆಂಡ್‌ನ ಆಚೆ ಪೈಸೀಸ್-3 ಎಂಬ ಪುಟ್ಟ ನೌಕೆ ಸುಮಾರು 480 ಮೀಟರ್ ಆಳಕ್ಕೆ ಬಿತ್ತು. ಒಳಗೆ ಇಬ್ಬರು, ರೋಜರ್ ಚಾಪ್‌ಮನ್ ಮತ್ತು ರೋಜರ್ ಮಾಲಿನ್‌ಸನ್. ಹಗ್ಗ ಸಿಕ್ಕಿಸುವ ಪ್ರಯತ್ನ ಮತ್ತೆ ಮತ್ತೆ ಸೋತಿತು. ಮೂರು ದಿನಕ್ಕೂ ಮೀರಿ ಒಳಗಿದ್ದವರನ್ನು ಮೇಲೆತ್ತಿದಾಗ ಉಳಿದಿದ್ದ ಆಮ್ಲಜನಕ 12 ನಿಮಿಷಕ್ಕಾಗುವಷ್ಟು! ಖರ್ಚಿನ ಲೆಕ್ಕ ಬರೆಯುತ್ತಾ ಯಾರಾದರೂ ದಡದಲ್ಲಿ ಕೂತಿದ್ದರೆ ಎರಡನೇ ದಿನವೇ ‘ಸಾಕು ಬಿಡಿ’ ಅಂದಿರುತ್ತಿದ್ದರೋ ಏನೋ. ಟೈಟನ್ ವಿಷಯದಲ್ಲೂ ಅಷ್ಟೇ. ಕುಸಿತದಂಥ ಸದ್ದು ಮೊದಲ ದಿನವೇ ಅಮೆರಿಕದ ನೌಕಾಪಡೆಯ ಕಿವಿಗೆ ಬಿದ್ದಿತ್ತು. ಖಚಿತವಲ್ಲ ಎಂಬ ಕಾರಣಕ್ಕೆ ಹುಡುಕಾಟ ನಿಲ್ಲಿಸಲಿಲ್ಲ. ನನ್ನ ಪ್ರಕಾರ ಅದೇ ಸರಿ.

ಪೈಸೀಸ್‌ನವರು ಸಮುದ್ರದಡಿ ಟೆಲಿಫೋನ್ ಕೇಬಲ್ ಹಾಕುವ ಕೆಲಸಗಾರರು, ಇವರು ಶೋಕಿಗೆ ಹೋದವರು ಅನ್ನುತ್ತೀರಾ? ಹಾಗಾದರೆ ಅಭಿಲಾಷ್ ಟಾಮಿ? 2018ರ ಸೆಪ್ಟೆಂಬರ್‌ನಲ್ಲಿ ನಮ್ಮ ನೌಕಾಪಡೆಯ ಈ ಕಮಾಂಡರ್ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ರೇಸಿನಲ್ಲಿದ್ದರು. ಹಿಂದೂ ಮಹಾಸಾಗರದ ಬಿರುಗಾಳಿಗೆ ದೋಣಿಯ ಕಂಬ ಮುರಿಯಿತು, ಬೆನ್ನಿಗೆ ಪೆಟ್ಟಾಗಿ ಮೇಲೇಳಲು ಆಗದೆ ಮಲಗಿದ್ದರು. ಅಲ್ಲಿಗೆ ಹೋಗಿ ಎತ್ತಿಕೊಂಡಿದ್ದು ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗು ಓಸಿರಿಸ್. ಅವರನ್ನೂ ರೇಸಿಗೆ ಹೋಗಿ ಅಂತ ಯಾರೂ ಒತ್ತಾಯ ಮಾಡಿರಲಿಲ್ಲ, ಅಲ್ವಾ? ಆಪತ್ತಿನಲ್ಲಿರುವವನ ದೇಶ, ಸ್ಥಾನಮಾನ, ಅವನು ಸಿಕ್ಕಿಕೊಂಡ ಸನ್ನಿವೇಶ, ಯಾವುದನ್ನೂ ನೋಡದೆ ನೆರವಾಗಬೇಕು ಎಂದು ಕಡಲಿನ ಹುಡುಕಾಟ, ರಕ್ಷಣೆ ಕುರಿತ 1979ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ.

ಮಲ್ಪೆಯ ಮಾತು ಬಂತಲ್ಲ, ಅದಕ್ಕೂ ಉತ್ತರ ಇದೆ. ಅಲ್ಲಿ ಸಾಲದೆ ಹೋಗಿದ್ದು ಹುಡುಕಾಟ. ಅದನ್ನು ಹೆಚ್ಚು ಮಾಡಿ ಅನ್ನಬೇಕೇ ಹೊರತು ಇನ್ನೊಬ್ಬರದ್ದಕ್ಕೆ ಬೆಲೆ ಕಟ್ಟಿ ಅಂತಲ್ಲ. ಇಂದು ಪ್ರವಾಸಿಗೆ ಬಿಲ್ ಕೊಡುವ ಕಾನೂನು, ಹವಾಮಾನದ ಎಚ್ಚರಿಕೆ ಮೀರಿ ಕಡಲಿಗೆ ಹೋದ ಮೀನುಗಾರನ ಮನೆ ಬಾಗಿಲಿಗೂ ನಾಳೆ ಬರುತ್ತದೆ. ಬೇಜವಾಬ್ದಾರಿ ಯಾವುದು, ಹೊಟ್ಟೆಪಾಡು ಯಾವುದು ಅಂತ ತೀರ್ಮಾನಿಸುವವರು ಯಾರು?

ವಿಮೆ ಎಲ್ಲ ಸರಿಮಾಡುತ್ತದೆ ಎನ್ನುವವರು ನೇಪಾಳ ನೋಡಲಿ. ಸುಮ್ನೆ ತಲೆನೋವು ಅಂದ ಚಾರಣಿಗರನ್ನೂ ಹೆಲಿಕಾಪ್ಟರ್‌ನಲ್ಲಿ ಇಳಿಸಿ ವಿಮೆಯ ದುಡ್ಡು ಹೊಡೆಯುವ ದಂಧೆ 2018ರಲ್ಲಿ ಬಯಲಾಯಿತು. ಇನ್ನು ಘಟನೆ ಆದಮೇಲೆ ಕಂಪನಿಯಿಂದ ವಸೂಲಿ ಅಂದರೆ, ಆ ಕಂಪನಿ ಜುಲೈ ಹೊತ್ತಿಗೆ ತನ್ನ ಕೆಲಸವನ್ನೇ ನಿಲ್ಲಿಸಿತ್ತು. ಮುಖ್ಯಸ್ಥ ರಶ್ ಅದೇ ನೌಕೆಯಲ್ಲಿ ಸತ್ತಿದ್ದರು.

ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ಇದು. ಈ ದುರಂತ ತಪ್ಪಿಸಬಹುದಾಗಿತ್ತು ಎಂದು ಕೋಸ್ಟ್ ಗಾರ್ಡ್‌ನ ತನಿಖಾ ಮಂಡಳಿ 2025ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಬರೆಯಿತು. 2023ರ ಜೂನ್ 16ರಂದು ಪೋಲಾರ್ ಪ್ರಿನ್ಸ್ ಹಡಗು ಕೆನಡಾದ ಸೇಂಟ್ ಜಾನ್ಸ್ ಬಂದರಿನಿಂದ ಟೈಟನ್ನನ್ನು ಹಿಂದೆ ಎಳೆದುಕೊಂಡು ಹೊರಟಿತ್ತು, ಎಲ್ಲರಿಗೂ ಕಾಣುವ ಹಾಗೇ. ಸರ್ಟಿಫಿಕೇಟ್ ಇಲ್ಲದೆ ಜನರನ್ನು ಇಳಿಸುವಂತಿಲ್ಲ ಎಂದು ಅಲ್ಲೇ ತಡೆದಿದ್ದರೆ, ಈ ಖರ್ಚಿನ ಪ್ರಶ್ನೆಯೇ ಬರುತ್ತಿರಲಿಲ್ಲ.